ಅರಮನೆಯ ಪರದೆ, ಗಾದಿ, ಜಮಖಾನ: ಉಳಿದದ್ದನ್ನು ಕಾಯುವುದು ಹೇಗೆ?

ಹಳೆಯ ಅರಮನೆಗಳಿಗೆ ಪ್ರವಾಸ ಹೋಗಿ ಬಂದ ವಿದ್ಯಾರ್ಥಿಗಳ ಬಾಯಲ್ಲಿ ಎರಡು ದೂರುಗಳು ಸಾಮಾನ್ಯವಾಗಿ ಕೇಳಿಬರುತ್ತವೆ. ಒಂದು, "ಒಳಗೆ ಯಾಕೆ ಅಷ್ಟು ಕತ್ತಲೆ? ಫೋಟೋನೂ ಸರಿಯಾಗಿ ಬರಲ್ಲ." ಇನ್ನೊಂದು, "ಕುರ್ಚಿ ಇಟ್ಟಿದಾರೆ, ಕೂರೋ ಹಾಗಿಲ್ಲ, ಮುಟ್ಟೋ ಹಾಗೂ ಇಲ್ಲ." ಎರಡಕ್ಕೂ ಉತ್ತರ ಒಂದೇ. ಅರಮನೆಯ ಕಲ್ಲು, ಮರ, ಕಬ್ಬಿಣ ಇವೆಲ್ಲ ನೂರಾರು ವರ್ಷ ತಾಳಬಲ್ಲವು. ಅಲ್ಲಿನ ಪರದೆ, ಗಾದಿ, ದಿಂಬು, ಜಮಖಾನ, ಸೋಫಾದ ಮೇಲಿನ ಬಟ್ಟೆ ತಾಳುವುದಿಲ್ಲ. ಮನೆಯೊಂದರಲ್ಲಿ ಎಲ್ಲಕ್ಕಿಂತ ಮೊದಲು ಸಾಯುವುದು ಬಟ್ಟೆ. ಆದ್ದರಿಂದ ಅದನ್ನು ಕಾಯುವುದೇ ಒಂದು ಪ್ರತ್ಯೇಕ ವಿದ್ಯೆಯಾಗಿ ಬೆಳೆದಿದೆ. ನಾವು ತರಗತಿಯಲ್ಲಿ ಓದುವ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇತಿಹಾಸ ನಾಲ್ಕೂ ಅದರಲ್ಲಿ ಕೆಲಸಕ್ಕೆ ಬರುತ್ತವೆ.

ಮನೆಯೇ ಮ್ಯೂಸಿಯಂ ಆದಾಗ

ಸಾಮಾನ್ಯ ಮ್ಯೂಸಿಯಂನಲ್ಲಿ ವಸ್ತುಗಳನ್ನು ಬೇರೆ ಬೇರೆ ಕಡೆಯಿಂದ ತಂದು ಗಾಜಿನ ಪೆಟ್ಟಿಗೆಯೊಳಗೆ ಇಡುತ್ತಾರೆ. ಮನೆ ಮ್ಯೂಸಿಯಂ ಹಾಗಲ್ಲ. ಯಾರೋ ಬದುಕಿದ್ದ ಮನೆಯನ್ನೇ ನೋಡಲು ತೆರೆದಿಡುತ್ತಾರೆ. ಶ್ರೀರಂಗಪಟ್ಟಣದ ದರಿಯಾ ದೌಲತ್, ಮೈಸೂರಿನ ಅಂಬಾವಿಲಾಸ ಅರಮನೆ ಈ ಜಾತಿಗೆ ಸೇರಿದವು. ರಾಜರ ಮನೆಯೇ ಆಗಬೇಕೆಂದಿಲ್ಲ. ಕುಪ್ಪಳಿಯಲ್ಲಿ ಕುವೆಂಪು ಅವರ ಮನೆ, ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆ ಕೂಡ ಇಂದು ಮ್ಯೂಸಿಯಂಗಳೇ.

ಇಂಥ ಕಡೆ ನೋಡುಗರು ಬಯಸುವುದು ಆ ಮನೆ ಅಂದು ಹೇಗಿತ್ತೋ ಹಾಗೆ ಕಾಣಬೇಕೆಂದು. ಬಟ್ಟೆಯಿಲ್ಲದೆ ಅದು ಸಾಧ್ಯವಿಲ್ಲ. ನಮ್ಮ ಮನೆಯಿಂದ ಪರದೆ, ಹಾಸಿಗೆ, ಚಾಪೆ, ದಿಂಬು, ಜಾನಮಾಜ್, ರಜಾಯಿ ಎಲ್ಲವನ್ನೂ ತೆಗೆದು ಹೊರಗಿಟ್ಟರೆ ಏನು ಉಳಿಯುತ್ತದೆಂದು ಯೋಚಿಸಿದರೆ ಸಾಕು. ಗೋಡೆ ಇರುತ್ತದೆ, ಆದರೆ ಯಾರು ಎಲ್ಲಿ ಕೂರುತ್ತಿದ್ದರು, ಯಾವ ಭಾಗ ಹೆಂಗಸರದು, ಎಲ್ಲಿ ಅತಿಥಿಗಳನ್ನು ಕೂರಿಸುತ್ತಿದ್ದರು ಎಂಬುದು ತಿಳಿಯುವುದಿಲ್ಲ.

ದರಿಯಾ ದೌಲತ್‌ನಲ್ಲಿ ಕಾಣದಿರುವುದು

ಟಿಪ್ಪು ಸುಲ್ತಾನರು 1784ರಲ್ಲಿ ಕಾವೇರಿ ದಂಡೆಯ ತೋಟದಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ ದರಿಯಾ ದೌಲತ್. ತೇಗದ ಕಂಬಗಳು, ಗೋಡೆ ತುಂಬ ಚಿತ್ರ, 1780ರ ಪೊಳ್ಳಿಲೂರು ಯುದ್ಧದ ದೊಡ್ಡ ದೃಶ್ಯ, ಇವನ್ನು ನೋಡಿದವರು ಮರೆಯುವುದಿಲ್ಲ. ಆದರೆ ಒಳಗೆ ನಿಂತಾಗ ಅದೊಂದು ಬರಿದಾದ ಕಟ್ಟಡದಂತೆ ಕಾಣುತ್ತದೆ. ಅದಕ್ಕೆ ಕಾರಣವಿದೆ. ಆ ಕಾಲದ ದಖ್ಖನ್ ಮತ್ತು ಮೊಘಲ್ ರೀತಿಯ ಅರಮನೆಗಳಲ್ಲಿ ಮೇಜು, ಕುರ್ಚಿ, ಸೋಫಾ ಮುಖ್ಯವಲ್ಲ. ನೆಲಕ್ಕೆ ಜಮಖಾನ ಅಥವಾ ರತ್ನಗಂಬಳಿ, ಅದರ ಮೇಲೆ ಗಾದಿ, ಒರಗಲು ದಿಂಬು, ಕಂಬದ ನಡುವೆ ಪರದೆ, ಮೇಲೆ ಚಪ್ಪರದಂತೆ ಮೇಲ್ಕಟ್ಟು. ಕೋಣೆಯ ಉಪಯೋಗ ಬದಲಾಗಬೇಕಾದರೆ ಬಟ್ಟೆ ಬದಲಿಸಿದರಾಯಿತು. ಬೆಳಗ್ಗೆ ದರ್ಬಾರು ನಡೆದ ಜಾಗದಲ್ಲೇ ರಾತ್ರಿ ಮಲಗಬಹುದು. ಕಟ್ಟಡ ಅರ್ಧ ಮನೆಯಾದರೆ ಉಳಿದರ್ಧ ಮನೆ ಬಟ್ಟೆಯದು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಉಳಿದರ್ಧ ಚೆದುರಿಹೋಯಿತು. ಅರಮನೆಯ ಸೊತ್ತು ಯುದ್ಧದ ಲೂಟಿಯಾಗಿ ಸೇನೆಯಲ್ಲಿ ಹಂಚಿಕೆಯಾಯಿತು, ಹರಾಜಾಯಿತು. ದರಿಯಾ ದೌಲತ್‌ನಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿ ವಾಸಮಾಡಿದ. ಚಿನ್ನ, ಕತ್ತಿ, ಪುಸ್ತಕಗಳಿಗೆ ಲೆಕ್ಕವಿದೆ. ದಿನಬಳಕೆಯ ಗಾದಿ, ಪರದೆಗಳಿಗೆ ಅಂಥ ಲೆಕ್ಕವನ್ನು ಯಾರೂ ಅಷ್ಟು ಶ್ರದ್ಧೆಯಿಂದ ಇಡುವುದಿಲ್ಲ.

ಆದರೂ ಒಂದು ದೊಡ್ಡ ತುಣುಕು ಉಳಿದಿದೆ. ಬ್ರಿಟನ್ನಿನ ವೇಲ್ಸ್‌ನಲ್ಲಿರುವ ಪೊವಿಸ್ ಕೋಟೆಯಲ್ಲಿ ಟಿಪ್ಪುವಿನ ಡೇರೆ ಇದೆ. ಅಂದಿನ ಮದ್ರಾಸ್ ಗವರ್ನರ್ ಎಡ್ವರ್ಡ್ ಕ್ಲೈವ್ ಮೂಲಕ ಅದು ಅಲ್ಲಿಗೆ ಹೋಯಿತು. ಬಿಳಿ ಹತ್ತಿ ಬಟ್ಟೆಯ ಮೇಲೆ ಕಮಾನು, ಕಮಾನಿನೊಳಗೆ ಹೂದಾನಿ, ಅದರಿಂದ ಹೊಮ್ಮುವ ಕೆಂಪು ಹೂವು, ಹಸಿರು ಎಲೆ, ಹೀಗೆ ಇಡೀ ಒಳಮೈಗೆ ಬಣ್ಣದ ಛೀಂಟ್ ಕೆಲಸ. ತಯಾರಾದದ್ದು 18ನೇ ಶತಮಾನದ ಮೊದಲರ್ಧದಲ್ಲಿ. ಕ್ಲೈವ್ ಮನೆತನದವರು ಅದನ್ನು ತೋಟದ ಕೂಟಗಳಿಗೆ ಶಾಮಿಯಾನದಂತೆ ಬಳಸಿದರು. ಇಂದು ಆ ಕೋಟೆಯೂ ಮನೆ ಮ್ಯೂಸಿಯಂ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ 2015ರಲ್ಲಿ ಭಾರತದ ಬಟ್ಟೆಗಳ ಬಗ್ಗೆ ನಡೆಸಿದ ಪ್ರದರ್ಶನದಲ್ಲಿ ಜನ ಆ ಡೇರೆಯೊಳಗೆ ನಿಂತು ನೋಡಿದರು. ಶ್ರೀರಂಗಪಟ್ಟಣದಲ್ಲಿ ಗೋಡೆ ಉಳಿದಿದೆ, ವೇಲ್ಸ್‌ನಲ್ಲಿ ಬಟ್ಟೆ ಉಳಿದಿದೆ. ಎರಡನ್ನೂ ಮನಸ್ಸಿನಲ್ಲಿ ಜೋಡಿಸಿದರೆ ಮಾತ್ರ ಅರಮನೆ ಪೂರ್ಣವಾಗುತ್ತದೆ.

ಕರ್ನಾಟಕದಲ್ಲೇ ಉಳಿದ ಉದಾಹರಣೆಯೂ ಇದೆ. ವಿಜಯಪುರದ ಆಸಾರ್ ಮಹಲಿನಲ್ಲಿದ್ದ 17ನೇ ಶತಮಾನದ ರತ್ನಗಂಬಳಿಗಳನ್ನು ಈಗ ಗೋಲ ಗುಮ್ಮಟದ ಮುಂದಿನ ನಗಾರಖಾನೆಯಲ್ಲಿರುವ ಮ್ಯೂಸಿಯಂನಲ್ಲಿ ನೋಡಬಹುದು. ಆಸಾರ್ ಮಹಲು ಪವಿತ್ರ ಅವಶೇಷಗಳನ್ನು ಇಟ್ಟ ಸ್ಥಳವಾದ್ದರಿಂದ ಅಲ್ಲಿ ಎಲ್ಲರ ಓಡಾಟಕ್ಕೆ ಅವಕಾಶವಿರಲಿಲ್ಲ. ಕಾಲ್ತುಳಿತ ಕಡಿಮೆಯಾದಷ್ಟು ಗಂಬಳಿಯ ಆಯಸ್ಸು ಹೆಚ್ಚು.

ಬೆಳಕು ಬಟ್ಟೆಗೆ ಏನು ಮಾಡುತ್ತದೆ?

ಬೆಳಕಿನ ವಿಷಯ ಬಂದಾಗ ನಮ್ಮ ಊರನ್ನು ನೆನೆಯಲೇಬೇಕು. ಶಿವನಸಮುದ್ರದ ಜಲವಿದ್ಯುತ್ ಕೇಂದ್ರ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕೊಟ್ಟಿತು. 1905ರಲ್ಲಿ ಬೆಂಗಳೂರು, 1908ರಲ್ಲಿ ಮೈಸೂರು ಬೆಳಗಿದವು. ಅದೇ ಹೊತ್ತಿಗೆ ಮೈಸೂರಿನಲ್ಲಿ ಹೊಸ ಅರಮನೆ ಏಳುತ್ತಿತ್ತು. ಹಳೆಯ ಮರದ ಅರಮನೆ 1897ರ ಬೆಂಕಿಯಲ್ಲಿ ಸುಟ್ಟುಹೋಗಿ, ಹೆನ್ರಿ ಇರ್ವಿನ್ ವಿನ್ಯಾಸದ ಈಗಿನ ಅರಮನೆ 1912ರಲ್ಲಿ ಮುಗಿಯಿತು. ವಿದ್ಯುತ್ ದೀಪ ಬಂದದ್ದರಿಂದ ಪರದೆ, ಗಾದಿಗಳಿಗೆ ಒಂದು ಉಪಕಾರವಾಯಿತು. ಎಣ್ಣೆ ದೀಪದ ಮಸಿ ಕೂರುವುದು ತಪ್ಪಿತು, ಬೆಂಕಿಯ ಭಯ ಕಡಿಮೆಯಾಯಿತು. ಅದರ ಜತೆಗೆ ಒಂದು ತೊಂದರೆಯೂ ಬಂತು. ರಾತ್ರಿಯೂ ಕೋಣೆಗಳಲ್ಲಿ ಬೆಳಕು ಉಳಿಯತೊಡಗಿತು.

ಬೆಳಕು ಒಂದು ಶಕ್ತಿ. ಅದು ಬಣ್ಣದ ಅಣುವಿಗೆ ಬಡಿದಾಗ ಬಂಧ ಮುರಿಯುತ್ತದೆ, ಬಣ್ಣ ಮಾಸುತ್ತದೆ. ನೂಲಿನ ಅಣುಸರಪಳಿಗೆ ಬಡಿದಾಗ ಸರಪಳಿ ತುಂಡಾಗುತ್ತದೆ, ನೂಲು ಬಲ ಕಳೆದುಕೊಳ್ಳುತ್ತದೆ. ನೇರಳಾತೀತ ಕಿರಣಗಳು ಇದನ್ನು ಬೇಗ ಮಾಡುತ್ತವೆ, ಆದರೆ ಕಣ್ಣಿಗೆ ಕಾಣುವ ಬೆಳಕೂ ಮಾಡುತ್ತದೆ. ಎಲ್ಲಕ್ಕಿಂತ ಹೆಚ್ಚು ನೋಯುವುದು ರೇಷ್ಮೆ. ಒಮ್ಮೆ ಆದ ಹಾನಿ ಹಿಂದಿರುಗುವುದಿಲ್ಲ. ವಿಶ್ರಾಂತಿ ಕೊಟ್ಟರೆ ಬಟ್ಟೆ ಚೇತರಿಸಿಕೊಳ್ಳುವುದೂ ಇಲ್ಲ.

ಇಲ್ಲಿ ಒಂದು ಸರಳ ಲೆಕ್ಕವಿದೆ. ಹಾನಿ ನಿರ್ಧಾರವಾಗುವುದು ಬೆಳಕಿನ ಪ್ರಮಾಣವನ್ನು ಗಂಟೆಗಳಿಂದ ಗುಣಿಸಿದಾಗ ಬರುವ ಮೊತ್ತದಿಂದ. ಹಳೆಯ ಬಟ್ಟೆಗೆ ಮ್ಯೂಸಿಯಂಗಳು ಒಪ್ಪಿರುವ ಮಿತಿ ಸುಮಾರು 50 ಲಕ್ಸ್. ದಿನಕ್ಕೆ 8 ಗಂಟೆ ತೆರೆದಿದ್ದರೆ 400 ಲಕ್ಸ್-ಗಂಟೆ. ಈಗ ಕಿಟಕಿಯ ಪಕ್ಕ 10,000 ಲಕ್ಸ್ ಬಿಸಿಲು 5 ಗಂಟೆ ಬಿತ್ತೆಂದುಕೊಳ್ಳಿ. ಅದು 50,000 ಲಕ್ಸ್-ಗಂಟೆ. ಅಂದರೆ ಒಂದು ಮಧ್ಯಾಹ್ನದ ಬಿಸಿಲು ಮಂದ ಬೆಳಕಿನ 125 ದಿನಗಳಿಗೆ ಸಮ. ಅರಮನೆಯವರು ಕಿಟಕಿ ಮುಚ್ಚುವುದು ಜಿಪುಣತನಕ್ಕಲ್ಲ. ದರಿಯಾ ದೌಲತ್‌ನ ಹೊರ ಸಾಲಿಗೆ ದಪ್ಪ ಪರದೆ ಇಳಿಬಿಡುವುದೂ ಇದೇ ಉದ್ದೇಶಕ್ಕೆ, ಗೋಡೆಯ ಚಿತ್ರಗಳಿಗೆ ಬಿಸಿಲು ತಾಗದಿರಲಿ ಎಂದು. ಅಲ್ಲಿ ಇಂದಿನ ಸಾಧಾರಣ ಬಟ್ಟೆಯೊಂದು ಹಳೆಯ ಬಣ್ಣವನ್ನು ಕಾಯುವ ಕೆಲಸ ಮಾಡುತ್ತಿದೆ.

ಕತ್ತಲೆ ಎಷ್ಟು ಒಳ್ಳೆಯದೆಂಬುದಕ್ಕೆ ಇಸ್ತಾಂಬುಲಿನ ತೋಪ್‌ಕಾಪಿ ಅರಮನೆ ಸಾಕ್ಷಿ. ಅಲ್ಲಿ ಉಸ್ಮಾನಿ ಸುಲ್ತಾನರೊಬ್ಬರು ತೀರಿಕೊಂಡಾಗ ಅವರ ಉಡುಪುಗಳನ್ನು ಗಂಟು ಕಟ್ಟಿ, ಹೆಸರಿನ ಚೀಟಿ ಹಾಕಿ ಖಜಾನೆಯಲ್ಲಿ ಇಡುವ ಪದ್ಧತಿಯಿತ್ತು. ಶತಮಾನಗಳ ನಂತರ ಬಿಚ್ಚಿ ನೋಡಿದರೆ ಎಷ್ಟೋ ಉಡುಪುಗಳ ಕೆಂಪು, ನೀಲಿ ಇನ್ನೂ ಕಣ್ಣು ಕೋರೈಸುತ್ತದೆ. ನಮ್ಮ ನಾನಿ, ದಾದಿಯರು ಮದುವೆಯ ಜೋಡಿಯನ್ನು ಮಲ್‌ಮಲ್ ಬಟ್ಟೆಯಲ್ಲಿ ಸುತ್ತಿ ಟ್ರಂಕಿನ ತಳದಲ್ಲಿಟ್ಟದ್ದೂ ಅದೇ ಜಾಣತನ.

ಬಣ್ಣದ ಒಳಗೇ ಇರುವ ಕೇಡು

ಎಲ್ಲ ಕೇಡೂ ಹೊರಗಿನಿಂದ ಬರುವುದಿಲ್ಲ. ಛೀಂಟ್ ಬಟ್ಟೆಯಲ್ಲಿ ಕೆಂಪಿಗೆ ಪಟಿಕ ಮತ್ತು ಬೇರಿನ ಬಣ್ಣ, ನೀಲಿಗೆ ನೀಲಿ ಗಿಡ, ಕಪ್ಪು ಗೆರೆಗೆ ಕಬ್ಬಿಣ ಮತ್ತು ಅಳಲೆಕಾಯಿಯಂಥ ಒಗರು ಕಾಯಿಯ ರಸ ಬಳಸುತ್ತಿದ್ದರು. ಕಬ್ಬಿಣದ ಅಂಶ ನಿಧಾನವಾಗಿ ಹತ್ತಿಯನ್ನು ತಿನ್ನುತ್ತದೆ. ಹಳೆಯ ಛೀಂಟುಗಳಲ್ಲಿ ಕಪ್ಪು ಗೆರೆ ಇದ್ದ ಜಾಗದಲ್ಲೇ ಬಟ್ಟೆ ಬಿಟ್ಟುಹೋಗಿರುವುದು ಅದಕ್ಕೇ. ಇನ್ನೊಂದು ವಿಶೇಷ: ಹಸಿರು ಬೇಕಾದಾಗ ನೀಲಿಯ ಮೇಲೆ ಹಳದಿ ಬಳಿಯುತ್ತಿದ್ದರು. ಹಳದಿ ಬೇಗ ಮಾಸುತ್ತದೆ, ನೀಲಿ ಉಳಿಯುತ್ತದೆ. ಹಳೆಯ ಬಟ್ಟೆಯಲ್ಲಿ ನೀಲಿ ಎಲೆಗಳನ್ನು ಕಂಡರೆ ಕಲಾವಿದ ಹಾಗೆ ಬರೆದನೆಂದು ತಿಳಿಯಬೇಡಿ.

ರೇಷ್ಮೆಗೂ ತನ್ನದೇ ಕಥೆಯಿದೆ. ಬಂಗಾಳದಿಂದ ಹುಳು ತರಿಸಿ ಮೈಸೂರು ಸೀಮೆಯಲ್ಲಿ ರೇಷ್ಮೆ ಬೆಳೆಸಿದವರು ಟಿಪ್ಪು. ಮಳವಳ್ಳಿ, ಮದ್ದೂರು, ಕೊಳ್ಳೇಗಾಲದ ಕಡೆ ಹಿಪ್ಪುನೇರಳೆ ತೋಟ, ಚಂದ್ರಿಕೆ, ಗೂಡು ಇವು ಯಾರಿಗೂ ಹೊಸದಲ್ಲ. ಗೂಡಿನಿಂದ ತೆಗೆದ ನೂಲಿನಲ್ಲಿ ಅಂಟು ಇರುತ್ತದೆ. ಅದನ್ನು ಬೇಯಿಸಿ ತೆಗೆದಾಗ ತೂಕ ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ. ರೇಷ್ಮೆ ಮಾರಾಟವಾಗುವುದು ತೂಕದ ಮೇಲೆ. ಕಳೆದುಹೋದ ತೂಕ ತುಂಬಲು 19ನೇ ಶತಮಾನದ ಯೂರೋಪಿನ ಕಾರ್ಖಾನೆಗಳು ನೂಲಿಗೆ ತವರ, ಕಬ್ಬಿಣದ ಲವಣಗಳನ್ನು ಕುಡಿಸಿದವು. ಬಟ್ಟೆ ಭಾರವಾಗಿ, ಗಂಭೀರವಾಗಿ ಇಳಿಬೀಳುತ್ತಿತ್ತು. ಆದರೆ ಆ ಲವಣಗಳೇ ಕೆಲವು ದಶಕಗಳಲ್ಲಿ ನೂಲನ್ನು ಪುಡಿಮಾಡಿದವು. ಜಗತ್ತಿನ ಅನೇಕ ಹಳೆಯ ಮನೆಗಳಲ್ಲಿ ಆ ಕಾಲದ ಪರದೆಗಳು ಯಾರೂ ಮುಟ್ಟದಿದ್ದರೂ ಸೀಳಿಹೋಗಿವೆ. ತೂಕದ ಆಸೆಗೆ ಮಾಡಿದ ಮೋಸ ನೂರು ವರ್ಷದ ನಂತರ ಕಾಣಿಸಿಕೊಂಡಿತು.

ತೇವ, ಹುಳ, ಧೂಳು, ಕೈ

ನದಿ ತೀರದವರಿಗೆ ತೇವದ ವಿಷಯ ಹೇಳಿಕೊಡಬೇಕಿಲ್ಲ. ಗಾಳಿಯ ಆರ್ದ್ರತೆ ಶೇಕಡ 65–70 ದಾಟಿ ಹಾಗೇ ನಿಂತರೆ ಬೂಷ್ಟು ಹಿಡಿಯುತ್ತದೆ. ತುಂಬ ಒಣಗಿದರೂ ನೂಲು ಬಿರುಸಾಗುತ್ತದೆ. ಅದಕ್ಕಿಂತ ಕೆಟ್ಟದ್ದು ದಿನವೂ ಏರಿಳಿತ. ನೂಲು ಉಬ್ಬಿ ಕುಗ್ಗಿ ದಣಿಯುತ್ತದೆ.

ಹುಳಗಳಲ್ಲಿ ಒಂದೊಂದಕ್ಕೆ ಒಂದೊಂದು ರುಚಿ. ಬಟ್ಟೆ ಪತಂಗದ ಮರಿ ಮತ್ತು ರತ್ನಗಂಬಳಿ ಜೀರುಂಡೆಯ ಮರಿ ಉಣ್ಣೆಯನ್ನು, ಗರಿಯನ್ನು, ಕೆಲವೊಮ್ಮೆ ರೇಷ್ಮೆಯನ್ನು ತಿನ್ನುತ್ತವೆ. ಹಾರಾಡುವ ಪತಂಗ ತಿನ್ನುವುದಿಲ್ಲ, ಮೊಟ್ಟೆಯಿಂದ ಬಂದ ಮರಿ ತಿನ್ನುತ್ತದೆ. ಪುಸ್ತಕದ ನಡುವೆ ಓಡುವ ಬೆಳ್ಳಿ ಬಣ್ಣದ ಹುಳಕ್ಕೆ ಗಂಜಿ ಹಾಕಿದ ಹತ್ತಿ ಬಟ್ಟೆ ಇಷ್ಟ. ಹಿಂದೆ ಮ್ಯೂಸಿಯಂಗಳು ವಿಷ ಸಿಂಪಡಿಸುತ್ತಿದ್ದವು. ಈಗ ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಭದ್ರವಾಗಿ ಸುತ್ತಿ ಮೈನಸ್ 30 ಡಿಗ್ರಿಯ ಚಳಿಯಲ್ಲಿ ಕೆಲವು ದಿನ ಇಡುವ ಪದ್ಧತಿಯಿದೆ. ಹುಳ, ಮೊಟ್ಟೆ ಎರಡೂ ಸಾಯುತ್ತವೆ, ಬಟ್ಟೆಗೆ ರಾಸಾಯನಿಕ ತಾಗುವುದಿಲ್ಲ.

ಧೂಳು ಎಂದರೆ ಸೂಕ್ಷ್ಮ ಕಲ್ಲುಪುಡಿ. ತುಳಿದಾಗಲೆಲ್ಲ ಅದು ಗಂಬಳಿಯ ಬುಡದಲ್ಲಿ ಗರಗಸದಂತೆ ಕೆಲಸ ಮಾಡುತ್ತದೆ. ಮೈಸೂರು ಅರಮನೆಯಲ್ಲಿ ಚಪ್ಪಲಿ ಹೊರಗೆ ಬಿಡಿಸುವುದರಿಂದ ಗೌರವವೂ ಉಳಿಯುತ್ತದೆ, ನೆಲಹಾಸೂ ಉಳಿಯುತ್ತದೆ. ಧೂಳು ತೆಗೆಯುವಾಗಲೂ ಕೊಡವುವಂತಿಲ್ಲ. ಬಟ್ಟೆಯ ಮೇಲೆ ಸಣ್ಣ ಬಲೆ ಹಾಸಿ, ವ್ಯಾಕ್ಯೂಮ್‌ನ ಎಳೆತವನ್ನು ತೀರ ಕಡಿಮೆ ಮಾಡಿ ತೆಗೆಯುತ್ತಾರೆ. ಇನ್ನು ಕೈ. ಒಬ್ಬರ ಬೆರಳಿನ ಬೆವರು, ಜಿಡ್ಡು ಕಾಣುವುದಿಲ್ಲ. ದಿನಕ್ಕೆ ಸಾವಿರ ಜನ ಒಂದೇ ಜಾಗವನ್ನು ಸವರಿದರೆ ಮಖಮಲ್ಲಿನ ಕೂದಲು ಮಲಗಿಬಿಡುತ್ತದೆ, ಬಣ್ಣ ಕಪ್ಪಾಗುತ್ತದೆ. "ಮುಟ್ಟಬೇಡಿ" ಎಂಬ ಫಲಕವನ್ನು ಓದುವಾಗ ನಮ್ಮ ಹಿಂದಿನ ಸಾಲನ್ನೂ ನೆನೆಯಬೇಕು.

ಕುರ್ಚಿಯ ಹೊಟ್ಟೆಯೊಳಗೆ

ಮಳವಳ್ಳಿಯಲ್ಲೋ ಮದ್ದೂರಿನಲ್ಲೋ "ಕುಷನ್ ವರ್ಕ್ಸ್" ಎಂಬ ಬೋರ್ಡಿನ ಅಂಗಡಿಯಲ್ಲಿ ಹಳೆಯ ಸೋಫಾ ಬಿಚ್ಚುವುದನ್ನು ನಿಂತು ನೋಡಿ. ಮೇಲೆ ಬಟ್ಟೆ, ಕೆಳಗೆ ಹತ್ತಿ, ಅದರ ಕೆಳಗೆ ತೆಂಗಿನ ನಾರು, ಗೋಣಿ, ಸ್ಪ್ರಿಂಗು, ತಳದಲ್ಲಿ ಹೆಣೆದ ಪಟ್ಟಿ. ಯೂರೋಪಿನ ಹಳೆಯ ಕುರ್ಚಿಗಳಲ್ಲಿ ನಾರಿನ ಬದಲು ಕುದುರೆ ಕೂದಲು. ಅಂಗಡಿಯವರಿಗೆ ಹಳೆಯದು ಕಸ, ಕಿತ್ತು ಬಿಸಾಡಿ ಫೋಮ್ ಹಾಕುತ್ತಾರೆ. ಅದು ಅವರ ಕೆಲಸ, ತಪ್ಪೇನಿಲ್ಲ. ಮ್ಯೂಸಿಯಂನವರಿಗೆ ಮಾತ್ರ ಆ ಕಸವೇ ದಾಖಲೆ. ಮೊಳೆಯ ತಲೆಯಡಿ ಸಿಕ್ಕಿಕೊಂಡ ನಾಲ್ಕು ಎಳೆ ನೂಲು ಮೊದಲ ಬಟ್ಟೆ ಯಾವ ಬಣ್ಣದ್ದೆಂದು ಹೇಳುತ್ತದೆ. ಮರದಲ್ಲಿರುವ ಮೊಳೆ ತೂತುಗಳನ್ನು ಎಣಿಸಿದರೆ ಎಷ್ಟು ಸಲ ಬಟ್ಟೆ ಬದಲಾಗಿದೆ ಎಂದು ತಿಳಿಯುತ್ತದೆ. ಮಡಿಕೆಯೊಳಗೆ ಬಿಸಿಲು ಕಾಣದ ಒಂದಂಗುಲ ಬಟ್ಟೆ ಸಿಕ್ಕರೆ ಮೂಲ ಬಣ್ಣವೇ ಸಿಕ್ಕಂತೆ.

ಹಾಗಾಗಿ ಅವರು ಹೊಸ ಮೊಳೆ ಹೊಡೆಯುವುದಿಲ್ಲ. ಫೋಮ್ ಹಲಗೆಯನ್ನು ಆಕಾರಕ್ಕೆ ಕತ್ತರಿಸಿ, ಅದಕ್ಕೆ ಬಟ್ಟೆ ಹೊದಿಸಿ, ಮೊಳೆಯಿಲ್ಲದೆ ಚೌಕಟ್ಟಿನೊಳಗೆ ಕೂರಿಸುತ್ತಾರೆ. ಹರಿದ ರೇಷ್ಮೆಯನ್ನು ಕೆಳಗೊಂದು ಬಟ್ಟೆ, ಮೇಲೊಂದು ಬಣ್ಣ ಹೊಂದುವ ತೆಳು ಬಲೆ ಇಟ್ಟು ಕೂದಲಿನಷ್ಟು ಸಣ್ಣ ದಾರದಲ್ಲಿ ಹೊಲಿಯುತ್ತಾರೆ. ಮುಂದೆ ಬೇರೆಯವರು ಬಂದು ಬಿಚ್ಚಬೇಕೆಂದರೆ ಹಾನಿಯಿಲ್ಲದೆ ಬಿಚ್ಚಲು ಬರಬೇಕು. ಇದು ಈ ವಿದ್ಯೆಯ ಮೊದಲ ನಿಯಮ.

ಹಳೆಯದೋ, ಹೊಸ ನಕಲೋ?

ಇಲ್ಲಿ ನಿಜವಾದ ಭಿನ್ನಾಭಿಪ್ರಾಯವಿದೆ. ಮಾಸಿದ, ಸೀಳಿದ ಮೂಲ ಪರದೆಯನ್ನೇ ತೋರಿಸಬೇಕೇ, ಅದನ್ನು ಕತ್ತಲೆ ಕೋಣೆಗೆ ಒಯ್ದು ಅದರಂತೆಯೇ ಹೊಸದನ್ನು ನೇಯಿಸಿ ತೂಗುಹಾಕಬೇಕೇ? ಮೂಲವನ್ನು ತೋರಿಸಿದರೆ ಅದು ಬೇಗ ಸಾಯುತ್ತದೆ, ಜೊತೆಗೆ ಅರಮನೆ ಯಾವಾಗಲೂ ಹೀಗೆ ಮಂಕಾಗಿತ್ತು ಎಂಬ ತಪ್ಪು ಕಲ್ಪನೆಯನ್ನೂ ಕೊಡುತ್ತದೆ. ನಕಲನ್ನು ಹಾಕಿದರೆ ಕೋಣೆ ಮೊದಲಿನಂತೆ ಬೆಳಗುತ್ತದೆ, ಆದರೆ ನೋಡುವುದು ನಿಜವಾದದ್ದನ್ನಲ್ಲ.

ನಮ್ಮ ಪರಂಪರೆಯಲ್ಲಿ ಎರಡಕ್ಕೂ ಜಾಗವಿದೆ. ಕಾಬಾದ ಕಿಸ್ವಾವನ್ನು ಪ್ರತಿ ವರ್ಷ ಬದಲಿಸುತ್ತಾರೆ, ಹಳೆಯದನ್ನು ತುಂಡುಮಾಡಿ ಗೌರವದಿಂದ ಹಂಚುತ್ತಾರೆ. ಹಿಂದಿನ ಕೆಲವು ಕಿಸ್ವಾಗಳನ್ನು ತೋಪ್‌ಕಾಪಿಯಲ್ಲಿ ಜೋಪಾನ ಮಾಡಿದ್ದಾರೆ. ಶಿವನಸಮುದ್ರದ ಮರ್ದಾನೆ ಗೈಬ್ ದರ್ಗಾದಂಥ ಕಡೆ ಚಾದರ, ದೇವಸ್ಥಾನಗಳಲ್ಲಿ ದೇವರ ವಸ್ತ್ರ, ಇವು ಹೊಸದಾಗುತ್ತಲೇ ಇರುತ್ತವೆ. ಅಲ್ಲಿ ಮುಖ್ಯ ಬಟ್ಟೆಯಲ್ಲ, ಹೊದಿಸುವ ಕ್ರಿಯೆ. ಅರಮನೆಯ ಪರದೆ ಹಾಗಲ್ಲ, ಅದು ಮುಗಿದುಹೋದ ಕಾಲದ ಸಾಕ್ಷಿ. ಆದ್ದರಿಂದ ಮೂಲವನ್ನು ಕತ್ತಲೆಯಲ್ಲಿ ಉಳಿಸಿ, ನಕಲನ್ನು "ಇದು ನಕಲು" ಎಂಬ ಫಲಕದೊಂದಿಗೆ ಹಾಕುವುದು ಪ್ರಾಮಾಣಿಕ ದಾರಿ ಎನಿಸುತ್ತದೆ. ನಕಲು ನೇಯಲು ನೇಕಾರರು ಬೇಕಾಗುವುದರಿಂದ ಕೈಕಸುಬೂ ಉಳಿಯುತ್ತದೆ. ನವಲಗುಂದದ ಮುಸ್ಲಿಂ ಹೆಣ್ಣುಮಕ್ಕಳು ಕೈಯಲ್ಲಿ ನೇಯುವ ಹತ್ತಿ ಜಮಖಾನಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ, ಆದರೆ ನೇಯುವ ಕೈಗಳು ಕಡಿಮೆಯಾಗುತ್ತಿವೆ. ಬಿಲ್ಲಿನಿಂದ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದ ನದಾಫ್, ಪಿಂಜಾರ ಕುಟುಂಬಗಳ ವಿದ್ಯೆಯನ್ನು ಫೋಮ್ ಹಾಸಿಗೆ ಬದಿಗೊತ್ತಿದೆ. ಹಳೆಯ ಗಾದಿಯನ್ನು ಹಳೆಯ ರೀತಿಯಲ್ಲೇ ತುಂಬಬೇಕೆಂದು ನಾಳೆ ಯಾವುದಾದರೂ ಮ್ಯೂಸಿಯಂ ಬಯಸಿದರೆ ಕೇಳಬೇಕಾದವರು ಇವರನ್ನೇ.

ನಾವು ಏನು ಮಾಡಬಹುದು?

ಈ ಕೆಲಸವನ್ನು ವೃತ್ತಿಯಾಗಿ ಕಲಿಯಬಯಸುವವರಿಗೆ ದಾರಿಯಿದೆ. ವಿಜ್ಞಾನ ಓದಿದವರೂ ಕಲೆ ಓದಿದವರೂ ಸಂರಕ್ಷಣಾ ಶಿಕ್ಷಣಕ್ಕೆ ಹೋಗಬಹುದು. ಲಖನೌದ ರಾಷ್ಟ್ರೀಯ ಸಂರಕ್ಷಣಾ ಸಂಶೋಧನಾಲಯದ ಪ್ರಾದೇಶಿಕ ಪ್ರಯೋಗಾಲಯ ಮೈಸೂರಿನಲ್ಲೇ ಇದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ. ನಮ್ಮ ಹೆಣ್ಣುಮಕ್ಕಳಿಗೆ ಮನೆಯಲ್ಲೇ ಬಂದಿರುವ ಸೂಜಿ ಕೆಲಸದ ನಯ ಇಲ್ಲಿ ದೊಡ್ಡ ಅರ್ಹತೆ.

ಮನೆಯಲ್ಲಿ ಮಾಡಬಹುದಾದದ್ದೂ ಇದೆ. ಅಜ್ಜಿಯ ಕಾಲದ ಜರಿ ಸೀರೆ, ಶೇರ್ವಾನಿ, ಕಸೂತಿಯ ದಿಂಬಿನ ಗವಸು, ಜಾನಮಾಜ್ ಇದ್ದರೆ ಪ್ಲಾಸ್ಟಿಕ್ ಚೀಲದಿಂದ ಹೊರತೆಗೆಯಿರಿ. ಅದರಲ್ಲಿ ತೇವ ಸಿಕ್ಕಿಕೊಳ್ಳುತ್ತದೆ. ಒಗೆದು ಗಂಜಿ ಹೋದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ. ವರ್ಷಕ್ಕೆ ಎರಡು ಸಲ ನೆರಳಲ್ಲಿ ಹರವಿ, ಮಡಿಕೆ ಬದಲಿಸಿ. ಒಂದೇ ಮಡಿಕೆಯಲ್ಲಿ ಬಹುಕಾಲ ಇದ್ದರೆ ಅಲ್ಲೇ ಸೀಳುತ್ತದೆ. ನುಸಿಗುಳಿಗೆಯನ್ನು ಬಟ್ಟೆಗೆ, ಜರಿಗೆ ತಾಗಿಸಬೇಡಿ. ಬಜೆ ಅಥವಾ ಒಣಗಿದ ಬೇವಿನ ಎಲೆಯನ್ನು ಪೊಟ್ಟಣ ಕಟ್ಟಿ ಪಕ್ಕದಲ್ಲಿಡಿ.

ಕೊನೆಯದಾಗಿ ಒಂದು ಸಣ್ಣ ಚೀಟಿ ಬರೆದು ಜೊತೆಗಿಡಿ: ಇದು ಯಾರದು, ಯಾವ ಮದುವೆಯದು, ಎಲ್ಲಿ ಕೊಂಡದ್ದು, ಯಾರು ಹೊಲಿದದ್ದು. ತೋಪ್‌ಕಾಪಿಯ ಗಂಟುಗಳು ಇಂದು ಇತಿಹಾಸವಾಗಿರುವುದು ಚೀಟಿಯಿಂದ. ಚೀಟಿ ಇಲ್ಲದ ಬಟ್ಟೆ ಮುಂದಿನ ತಲೆಮಾರಿಗೆ ಬರಿಯ ಹಳೆಯ ಬಟ್ಟೆ. ಅದನ್ನು ಹೇಳಬಲ್ಲ ಹಿರಿಯರು ಇನ್ನೂ ನಮ್ಮ ಮನೆಗಳಲ್ಲಿದ್ದಾರೆ. ಈ ರಜೆಯಲ್ಲಿ ಅವರ ಪಕ್ಕ ಕೂತು ಟ್ರಂಕು ತೆಗೆಸಿ, ಕೇಳಿ, ಬರೆದುಕೊಳ್ಳಿ.